ಬಂದೂಕಿನ ಮೇಲಿನ ಇಸವಿ ಓದುವುದು ಹೇಗೆ?

ಪುಣೆಗೆ ಹೋದವರು ಹೆಚ್ಚಾಗಿ ಶನಿವಾರವಾಡಾ ನೋಡಿ ವಾಪಸ್ ಬಂದುಬಿಡುತ್ತಾರೆ. ನೀವು ಶುಕ್ರವಾರ ಪೇಟೆಯ ರಾಜಾ ದಿನಕರ್ ಕೇಳ್ಕರ್ ಮ್ಯೂಸಿಯಂಗೂ ಹೋಗಿ. ಅಲ್ಲಿ ಹಳೆಯ ಆಯುಧಗಳೂ ಇವೆ. ಹಳೆಯ ಬಂದೂಕು ಎಲ್ಲೇ ಕಾಣಲಿ, ಮೊದಲು ಕಿಡಿ ಹೊತ್ತಿಸುವ ಜಾಗ ನೋಡಿ. ಉರಿಯುವ ಬತ್ತಿ ಸಿಕ್ಕಿಸುವ ಕೊಕ್ಕೆ ಇದ್ದರೆ ಅದು ತೋಡೇದಾರ್. ಕಲ್ಲು ಕಚ್ಚಿ ಹಿಡಿಯುವ ಕುದುರೆ ಇದ್ದರೆ ಚಕಮಕಿ ಬಂದೂಕು. ನಮ್ಮ ಮಲೆನಾಡಿನ ಕೇಪಿನ ಕೋವಿ 19ನೇ ಶತಮಾನದಲ್ಲಿ ಬಂತು, ತೋಟೆ ಕೋವಿ ಅದಕ್ಕೂ ಆಮೇಲೆ. ಆದರೆ ಹೊಸದು ಬಂತೆಂದು ಹಳೆಯದನ್ನು ಮಾಡುವುದೇನೂ ನಿಲ್ಲಲಿಲ್ಲ. ತೋಡೇದಾರ್ ಬಂದೂಕು ನಮ್ಮ ದೇಶದಲ್ಲಿ 19ನೇ ಶತಮಾನದಲ್ಲೂ ತಯಾರಾಗುತ್ತಿತ್ತು. ಹಾಗಾಗಿ ಮೇಲಿನ ಬರಹವನ್ನೂ ಓದಬೇಕು.

ಪುಣೆಯ ಪೇಶ್ವೆಯ ಸೇನೆ 1790–92ರಲ್ಲಿ ಇಂಗ್ಲಿಷರ ಜೊತೆ ಸೇರಿ ಯಾರ ಮೇಲೆ ಯುದ್ಧಕ್ಕೆ ಹೋಯಿತೋ, ಆ ಟಿಪ್ಪು ಸುಲ್ತಾನರ ಬಂದೂಕುಗಳನ್ನೇ ತಗೊಳ್ಳಿ. ಹುಲಿಪಟ್ಟೆಯ ಅಲಂಕಾರ, ಹುಲಿಮುಖ, ಫಾರಸಿ ಬರಹ, ಇಷ್ಟು ಕಂಡರೆ ಶ್ರೀರಂಗಪಟ್ಟಣದ್ದೇ ಎಂದು ಊಹಿಸಬಹುದು. ಕಷ್ಟ ಇರುವುದು ಇಸವಿಯಲ್ಲಿ.

ಉರ್ದುವಿನಲ್ಲಿ ಅಕ್ಷರ ಬಲದಿಂದ ಎಡಕ್ಕೆ, ಅಂಕಿ ಮಾತ್ರ ಎಡದಿಂದ ಬಲಕ್ಕೆ ಅಂತ ಮದರಸಾದಲ್ಲೇ ಕಲಿತಿರುತ್ತೀರಿ. ಟಿಪ್ಪು ತಮ್ಮ ಹೊಸ ಮೌಲೂದಿ ಲೆಕ್ಕದಲ್ಲಿ ಅಂಕಿಯನ್ನೂ ಬಲದಿಂದಲೇ ಬರೆಸಿದರು. ನಾಣ್ಯಗಳಲ್ಲೂ ಹೀಗೇ. 1222 ಎಂಬುದು ನಮ್ಮ ಕಣ್ಣಿಗೆ 2221 ಎಂದು ಕಾಣುತ್ತದೆ! ತಿರುಗಿಸಿ ಓದಿದಿರಿ ಅನ್ನಿ, ಅದನ್ನು ಹಿಜರಿ ಎಂದುಕೊಂಡರೆ ಇನ್ನೊಂದು ಎಡವಟ್ಟು. ಹಿಜರಿ 1222 ಅಂದರೆ 1807. ಟಿಪ್ಪು ಶಹೀದರಾದದ್ದು 1799ರ ಮೇ 4ರಂದು. ಹಾಗಾದರೆ ಇದು ನಕಲಿ ಎಂದು ಯಾರಾದರೂ ಪಕ್ಕಕ್ಕಿಟ್ಟಾರು. ಮೌಲೂದಿ ಎಣಿಕೆ ಪ್ರವಾದಿ (ಸ) ಅವರ ಜನನದಿಂದ, ಅದೂ ಸೌರವರ್ಷಕ್ಕೆ ಹೊಂದಿಸಿಕೊಂಡು. 571 ಅಥವಾ 572 ಕೂಡಿಸಿ: 1793–94. ಸುಲ್ತಾನರ ಕಾರ್ಖಾನೆಗಳು ಜೋರಾಗಿ ನಡೆಯುತ್ತಿದ್ದ ಕಾಲ.

ಬೆಲೆಯ ಮಾತಿಗೆ ಬಂದರೆ, 2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬರ್ಕ್‌ಶೈರ್‌ನಲ್ಲಿ ಟಿಪ್ಪುವಿನ ಬೆಳ್ಳಿ ಕೆಲಸದ ಚಕಮಕಿ ಬಂದೂಕೊಂದು 60,000 ಪೌಂಡಿಗೆ ಹರಾಜಾಯಿತು. ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಒಬ್ಬನ ವಂಶಸ್ಥರ ಮನೆಯ ಅಟ್ಟದಲ್ಲಿ ಬಿದ್ದಿದ್ದ ಮಾಲು ಅದು. ಬೆಲೆ ಬಂದದ್ದು ಬೆಳ್ಳಿಗಲ್ಲ, ಟಿಪ್ಪುವಿನ ಹೆಸರಿಗೆ.

ನಿಮ್ಮ ಅಜ್ಜನ ಕಾಲದ ಜೋಡುನಳಿಗೆ ಕೋವಿ ಮನೆಯಲ್ಲಿದ್ದರೆ ಅದಕ್ಕೆ ಲೈಸೆನ್ಸ್ ಇದೆಯೇ ಎಂದು ಮೊದಲು ನೋಡಿ. ಹೊಳಪು ಬರಲಿ ಅಂತ ಮರಳುಕಾಗದ ಹಾಕಿ ಉಜ್ಜಬೇಡಿ. ಇಂಗ್ಲೆಂಡಿನದ್ದಾದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನ ಪರೀಕ್ಷೆಯ ಮುದ್ರೆಗಳು ನಳಿಗೆಯ ಅಡಿಭಾಗದಲ್ಲಿರುತ್ತವೆ, ಅವು ಸವೆದರೆ ಊರೂ ಹೋಯಿತು, ವಯಸ್ಸೂ ಹೋಯಿತು. ನೂರು ವರ್ಷ ದಾಟಿದ್ದಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ.