ತಲೆಸ್ನಾನದ ಮೂರ್ಛೆಯೂ ಹೊತ್ತರಿತ ಮಾತ್ರೆಯೂ

ನೀರು ತುಂಬುವ ಹಬ್ಬದ ದಿನ ಹಂಡೆಗೆ ಸುಣ್ಣ, ಕೆಮ್ಮಣ್ಣು ಬಳಿದು ನೀರು ತುಂಬಿಡುವುದು. ಮರುದಿನ ನಸುಕಿನಲ್ಲಿ ಮೈಗೆಲ್ಲ ಎಣ್ಣೆ ತಿಕ್ಕಿಸಿಕೊಂಡು ತಲೆಯ ಮೇಲೆ ಹಬೆಯಾಡುವ ನೀರು ಹೊಯ್ಯಿಸಿಕೊಳ್ಳುವುದು. ತುಂಗಭದ್ರೆಯ ದಡದ ಕುಮಾರಪಟ್ಟಣವಿರಲಿ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಯಳಂದೂರಿರಲಿ, ದೀಪಾವಳಿ ಆರಂಭವಾಗುವುದೇ ಬಚ್ಚಲುಮನೆಯಿಂದ. ಹಬ್ಬವಿಲ್ಲದ ದಿನಗಳಲ್ಲೂ ವಾರಕ್ಕೊಮ್ಮೆಯಾದರೂ ಬಿಸಿನೀರಿನಲ್ಲಿ ತಲೆಗೆರೆದುಕೊಳ್ಳುವುದು ಅನೇಕ ಮನೆಗಳ ರೂಢಿ.

ಈ ಸುಖವೇ ಕೆಲವರಿಗೆ ಸಂಕಟವಾಗುತ್ತದೆ. ಚೊಂಬಿನ ಮೇಲೆ ಚೊಂಬು ನೀರು ತಲೆಗೆ ಬೀಳುತ್ತಿದ್ದಂತೆ ಕಣ್ಣು ಶೂನ್ಯದಲ್ಲಿ ನೆಟ್ಟುಬಿಡುತ್ತದೆ. ಅಕಾರಣ ಭಯ, ಅಸಂಬದ್ಧ ಮಾತು, ಕೆಲವರಲ್ಲಿ ಕೈಕಾಲು ಸೆಟೆದು ಪೂರ್ಣ ಮೂರ್ಛೆ. ಒಂದೆರಡು ನಿಮಿಷಗಳಲ್ಲಿ ಎಲ್ಲವೂ ಮುಗಿಯುತ್ತದೆ. ಇನ್ನು ಕೆಲವರಿಗೆ ಆ ಹೊತ್ತಿನಲ್ಲಿ ಅದೆಂಥದೋ ಹಿತವೆನಿಸಿ, ಬೇಡವೆಂದರೂ ನೀರು ಹೊಯ್ದುಕೊಳ್ಳುತ್ತಲೇ ಇರುತ್ತಾರೆ. ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದವರೂ, ಕೈಗೆ ಕಬ್ಬಿಣದ ಬೀಗದಕೈ ತುರುಕಿದವರೂ ಉಂಟು. ವೈದ್ಯಶಾಸ್ತ್ರ ಇದನ್ನು ಬಿಸಿನೀರಿನ ಅಪಸ್ಮಾರ ಎಂದು ಕರೆಯುತ್ತದೆ.

ಜಗತ್ತಿನ ವೈದ್ಯಸಾಹಿತ್ಯದಲ್ಲಿ ಇದು ಮೊದಲು ದಾಖಲಾದದ್ದು 1945ರಲ್ಲಿ, ದೂರದ ನ್ಯೂಜಿಲೆಂಡಿನಲ್ಲಿ. ಮುಂದೆ ಟರ್ಕಿ, ಜಪಾನ್ ಮುಂತಾದ ಕಡೆಗಳಿಂದಲೂ ವರದಿಗಳು ಬಂದವು. ಅಲ್ಲೆಲ್ಲ ಇದು ಅಪರೂಪದ ಕಾಯಿಲೆ. ಆದರೆ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ತಮ್ಮ ಮೊದಲ ವರದಿಯನ್ನು ಪ್ರಕಟಿಸಿದಾಗ, ಅಪರೂಪವೆನಿಸಿದ್ದು ಇಲ್ಲಿ ಅಷ್ಟೇನೂ ಅಪರೂಪವಲ್ಲ ಎಂಬುದು ತಿಳಿಯತೊಡಗಿತು. 1972ರ ವೇಳೆಗೆ ಅವರು 60 ಮಂದಿಯ ವಿವರ ಕೊಟ್ಟರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1980ರಿಂದ 1983ರವರೆಗೆ ಕಂಡ 279 ರೋಗಿಗಳ ಅಧ್ಯಯನವನ್ನು ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು 1988ರಲ್ಲಿ ಪ್ರಕಟಿಸಿದರು. ಯಳಂದೂರಿನ ಸುತ್ತ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯ ಫಲಿತಾಂಶ 1998ರಲ್ಲಿ ಹೊರಬಂತು. ಅದರಂತೆ, ಲಕ್ಷಕ್ಕೆ 60 ಮಂದಿಗೆ ಈ ತೊಂದರೆಯಿತ್ತು.

ಕಾರಣವೇನು? ಬಿಸಿನೀರಿನಲ್ಲಿ ಮೀಯುವವರಿಗೆಲ್ಲ ಮೂರ್ಛೆ ಬರುವುದಿಲ್ಲವಲ್ಲ? ದೇಹದ ಶಾಖವನ್ನು ಹತೋಟಿಯಲ್ಲಿಡುವ ವ್ಯವಸ್ಥೆ ಮಿದುಳಿನಲ್ಲಿದೆ. ಕೆಲವರಲ್ಲಿ ಅದು ಹುಟ್ಟಿನಿಂದಲೇ ತುಸು ಸೂಕ್ಷ್ಮ ಎಂಬುದು ಸಂಶೋಧಕರ ಅಭಿಪ್ರಾಯ. 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಒಮ್ಮೆಲೇ ತಲೆಗೆ ಸುರಿದಾಗ ಉಂಟಾಗುವ ಏರುಪೇರನ್ನು ಅದು ತಾಳದು. ಒಂದೇ ಮನೆತನದ ಹಲವರಲ್ಲಿ ತೊಂದರೆ ಕಾಣಿಸಿಕೊಳ್ಳುವುದೂ ಉಂಟು. ಅಂಥ ಕುಟುಂಬಗಳನ್ನು ಪರೀಕ್ಷಿಸಿದ ಬೆಂಗಳೂರಿನ ಸಂಶೋಧಕರು 2009ರಲ್ಲಿ ಹತ್ತನೆಯ ವರ್ಣತಂತುವಿನಲ್ಲಿ ಇದರ ಒಂದು ನೆಲೆಯನ್ನು ಗುರುತಿಸಿದರು. ಹುಟ್ಟುಗುಣವೂ ಸ್ನಾನದ ರೂಢಿಯೂ ಕೂಡಿದಾಗ ರೋಗ ಮೈದೋರುತ್ತದೆ ಎನ್ನಬಹುದು.

ಹಾಗಾದರೆ ಚಿಕಿತ್ಸೆ? ಮೂರ್ಛೆರೋಗಕ್ಕೆ ಪರಿಣಾಮಕಾರಿ ಔಷಧಗಳು ಬಹುಕಾಲದಿಂದ ಇವೆ. ಫಿನೋಬಾರ್ಬಿಟಾಲಿನ ಗುಣ ತಿಳಿದದ್ದು 1912ರಲ್ಲಿ, ಫೆನಿಟಾಯಿನ್ ಬಂದದ್ದು 1938ರಲ್ಲಿ. ಆದರೆ ಇವನ್ನು ವರ್ಷಗಟ್ಟಲೆ ದಿನವೂ ತಪ್ಪದೆ ನುಂಗಬೇಕು. ವಾರಕ್ಕೊಮ್ಮೆ, ಅದೂ ತಲೆಸ್ನಾನದ ಹೊತ್ತಿಗೆ ಮಾತ್ರ ಬರುವ ಬಾಧೆಗೆ ನಿತ್ಯವೂ ಮಾತ್ರೆ, ನಿತ್ಯವೂ ಖರ್ಚು, ಮೇಲೆ ಮಂಪರು ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಉತ್ತರ ಒದಗಿಸಿದ್ದು ಕ್ಲೋಬಜಾಮ್ ಎಂಬ ಔಷಧ. 1970ರ ದಶಕದಲ್ಲಿ ಆತಂಕ ಶಮನಕ್ಕೆಂದು ಬಳಕೆಗೆ ಬಂದ ಇದರ ಮೂರ್ಛೆ ತಡೆಯುವ ಶಕ್ತಿಯನ್ನು ಆ ದಶಕದ ಕೊನೆಗೆ ಫ್ರಾನ್ಸಿನ ಆನ್ರಿ ಗಾಸ್ತೋ ಎತ್ತಿ ತೋರಿಸಿದರು. ಇದಕ್ಕೊಂದು ದೋಷವಿದೆ: ದಿನವೂ ತೆಗೆದುಕೊಂಡರೆ ಹಲವರಲ್ಲಿ ದೇಹ ಅದಕ್ಕೆ ಒಗ್ಗಿಹೋಗಿ ಪರಿಣಾಮ ತಗ್ಗುತ್ತದೆ. ಬಿಟ್ಟು ಬಿಟ್ಟು ತೆಗೆದುಕೊಂಡರೆ ಆ ಭಯ ಕಡಿಮೆ. ನುಂಗಿದ ಒಂದೆರಡು ಗಂಟೆಗಳಲ್ಲಿ ಕೆಲಸವನ್ನೂ ಆರಂಭಿಸುತ್ತದೆ. ಮೂರ್ಛೆ ಬರುವ ಹೊತ್ತು ಮೊದಲೇ ಗೊತ್ತಿರುವ ಈ ರೋಗಕ್ಕೆ ಇದಕ್ಕಿಂತ ಹೊಂದುವ ಮದ್ದು ಬೇರೆ ಯಾವುದಿದ್ದೀತು? ತಲೆಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮುಂಚೆ 5ರಿಂದ 10 ಮಿಲಿಗ್ರಾಂ ಕೊಡುವ ಕ್ರಮ ಹೀಗೆ ರೂಢಿಗೆ ಬಂತು. ಆದರೆ ಎಲ್ಲಕ್ಕೂ ಮೊದಲ ಮದ್ದು ನೀರಿನ ಬಿಸಿಯನ್ನು ತಗ್ಗಿಸುವುದೇ. ಉಗುರುಬೆಚ್ಚಗಿನ ನೀರಿನಿಂದಲೇ ಎಷ್ಟೋ ಮಂದಿ ಪಾರಾಗುತ್ತಾರೆ.

ನಿರ್ಲಕ್ಷ್ಯ ಮಾತ್ರ ಸಲ್ಲದು. ಇಂಥವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗಾದರೂ ಮುಂದೆ ಸ್ನಾನದ ಸಂಬಂಧವೇ ಇಲ್ಲದೆ ಮೂರ್ಛೆ ಬರತೊಡಗುತ್ತದೆ. ಆಗ ದಿನವೂ ಔಷಧ ಅನಿವಾರ್ಯ. ಯಾರಿಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಆದರೂ ಅನೇಕರು ವೈದ್ಯರ ಬಳಿ ಹೋಗದಿರುವುದಕ್ಕೆ ಮದುವೆಯ ಚಿಂತೆಯೇ ದೊಡ್ಡ ಕಾರಣ. ಮಗಳಿಗೆ ಫಿಟ್ಸ್ ಇದೆಯೆಂದು ಊರಿಗೆ ತಿಳಿದರೆ ಸಂಬಂಧ ಕೂಡಿಬಾರದು ಎಂಬ ಅಂಜಿಕೆ. ಇದಕ್ಕೆ ಕಾನೂನಿನ ಒತ್ತಾಸೆಯೂ ಇತ್ತು. ಪದೇ ಪದೇ ಅಪಸ್ಮಾರ ಬರುವವರು ಮದುವೆಗೆ ಅರ್ಹರಲ್ಲ ಎಂಬ ಮಾತನ್ನು 1976ರ ತಿದ್ದುಪಡಿ ಹಿಂದೂ ವಿವಾಹ ಕಾಯಿದೆಗೆ ಸೇರಿಸಿತ್ತು. ಹುಚ್ಚಿನ ಜೊತೆಗೇ ಅದರ ಹೆಸರು ಕೂಡಿಕೊಂಡಿತ್ತು. 1999ರಲ್ಲಿ ಸಂಸತ್ತು ಆ ಪದವನ್ನು ತೆಗೆದುಹಾಕಿತು. ಕಾಯಿದೆಯಿಂದ ಹೋದ ಪದ ಮನಸ್ಸುಗಳಿಂದ ಇನ್ನೂ ಪೂರ್ತಿ ಹೋಗಿಲ್ಲ. ಹದವಾದ ನೀರಿಗೆ, ಹೊತ್ತರಿತು ನುಂಗುವ ಒಂದು ಮಾತ್ರೆಗೆ ಅಂಕೆಯಲ್ಲಿ ನಿಲ್ಲುವ ಬಾಧೆಯನ್ನು ಬಚ್ಚಲಿನಲ್ಲೇ ಬಚ್ಚಿಟ್ಟು ನರಳುವವರು ಇಂದಿಗೂ ಇದ್ದಾರೆ.