ಪಾಲಿಬೆಟ್ಟದ ಹುಡುಗನ ಮೂರನೇ ಡ್ರಮ್ಮು

ಜೋಡುನಳಿಗೆ ಕೋವಿ ಹಿಡಿದು ಕಾಡಿಗೆ ಹೋಗುತ್ತಿದ್ದ ಕೊಡಗಿನ, ಮಲೆನಾಡಿನ ಹಳೆಯ ಶಿಕಾರಿಗಳು ಒಂದು ನಳಿಗೆಗೆ ಚರೆಯ ತೋಟಾ, ಇನ್ನೊಂದಕ್ಕೆ ಒಂಟಿ ಗುಂಡಿನ ತೋಟಾ ಹಾಕಿಕೊಳ್ಳುತ್ತಿದ್ದರು. ಕಾಡುಕೋಳಿ ಎದ್ದರೆ ಚರೆ, ಹಂದಿ ನುಗ್ಗಿದರೆ ಗುಂಡು. ಯಾವ ಟ್ರಿಗರ್ ಎಳೆಯಬೇಕೆಂಬುದು ಆ ಕ್ಷಣದ ತೀರ್ಮಾನ. ಮ್ಯಾಗಜಿನ್ ಇರುವ ಬಂದೂಕಿನಲ್ಲಿ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ತೋಟಾಗಳು ಸಾಲಾಗಿ ಕೂತಿರುತ್ತವೆ, ತುಂಬುವಾಗಲೇ ಗೊತ್ತಾದ ಸರದಿಯಲ್ಲಿ ಸಿಡಿಯುತ್ತವೆ. ಬೇರೆ ಬೇರೆ ಬಗೆಯ ತೋಟಾಗಳನ್ನು ಒಂದೇ ಮ್ಯಾಗಜಿನ್ನಿಗೆ ತುಂಬುವವನು ಯಾವುದರ ಹಿಂದೆ ಯಾವುದು ಹೋಗಬೇಕು, ಏಕೆ ಹೋಗಬೇಕು ಎಂಬುದನ್ನೆಲ್ಲ ಮೊದಲೇ ಯೋಚಿಸಿ ಮುಗಿಸಿರಬೇಕು.

ಹಾಗೆ ಯೋಚಿಸಿ ತುಂಬಿದ ತೋಟಾಗಳ ಪೈಕಿ ಬಹುಶಃ ಎಲ್ಲಕ್ಕಿಂತ ಹೆಸರಾದವು 1916ರ ಸೆಪ್ಟೆಂಬರ್ 3ರ ನಸುಕಿನಲ್ಲಿ, ಲಂಡನ್ನಿನ ಉತ್ತರಕ್ಕೆ, ಸುಮಾರು ಹನ್ನೊಂದೂವರೆ ಸಾವಿರ ಅಡಿ ಎತ್ತರದ ಕತ್ತಲಲ್ಲಿ ಸಿಡಿದವು. ಸಿಡಿಸಿದವನು ಕೊಡಗಿನಲ್ಲಿ ಹುಟ್ಟಿದವನು.

ವಿಲಿಯಂ ಲೀಫ್ ರಾಬಿನ್ಸನ್ ಜನಿಸಿದ್ದು 1895ರ ಜುಲೈ 14ರಂದು, ಪಾಲಿಬೆಟ್ಟದ ಕೈಮಾಬೆಟ್ಟ ಕಾಫಿ ತೋಟದಲ್ಲಿ. ತಂದೆ ಹೊರೇಸ್ ರಾಬಿನ್ಸನ್ ಅಲ್ಲಿ ಕಾಫಿ ಬೆಳೆಯುತ್ತಿದ್ದರು. ಏಳು ಮಕ್ಕಳಲ್ಲಿ ವಿಲಿಯಂ ಕಿರಿಯವನು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ. 1909ರಲ್ಲಿ ಇಂಗ್ಲೆಂಡಿನ ಸೇಂಟ್ ಬೀಸ್ ಶಾಲೆ ಸೇರಿದ. ಯುದ್ಧ ಶುರುವಾದ 1914ರಲ್ಲಿ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿಗೆ ಹೋದ, ಮರುವರ್ಷ ವಿಮಾನದಳಕ್ಕೆ ಬಂದ. ಮೊದಲು ವಿಮಾನದಲ್ಲಿ ಕೂತು ಕೆಳಗಿನದನ್ನು ನೋಡಿ ಬರೆದುಕೊಳ್ಳುವ ವೀಕ್ಷಕನಾಗಿದ್ದ. ಫ್ರಾನ್ಸಿನ ಲೀಲ್ ಪಟ್ಟಣದ ಮೇಲೆ ಗಾಯಗೊಂಡು ಗುಣವಾದ ಮೇಲೆ ಹಾರಾಟ ಕಲಿತು ಪೈಲಟ್ ಆದ.

ಅವನು ಕಣ್ಣು ಬಿಟ್ಟ ಕೊಡಗಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. 1857ರ ದಂಗೆಯ ಬೆನ್ನಿಗೆ ಇಂಗ್ಲಿಷರು ತಂದ ನಿಶ್ಶಸ್ತ್ರೀಕರಣ ಕಾಯಿದೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಂಕಿ ಹಚ್ಚಿತು. ಆಯುಧ ಒಪ್ಪಿಸಲೊಲ್ಲದ ಹಲಗಲಿಯ ಬೇಡರು ಅದೇ ವರ್ಷ ನವೆಂಬರಿನಲ್ಲಿ ತಿರುಗಿಬಿದ್ದು ನೇಣಿಗೇರಿದರು. 1858ರ ಮೇ ತಿಂಗಳಲ್ಲಿ ಈಗಿನ ಗದಗ ಜಿಲ್ಲೆಯ ಮುಂಡರಗಿಯ ಭೀಮರಾವ್ ಮತ್ತು ಹಮ್ಮಿಗಿಯ ಕೆಂಚನಗೌಡ, ಹಮ್ಮಿಗಿಯಲ್ಲಿ ಸರಕಾರ ಮುಟ್ಟುಗೋಲು ಹಾಕಿಕೊಂಡಿದ್ದ ಆಯುಧಗಳ ಕಾವಲಿನ ಮೇಲೆ ಬಿದ್ದರು. ಡಂಬಳದ ಖಜಾನೆ ಹೊಡೆದು ಕೊಪ್ಪಳದ ಕೋಟೆ ಹಿಡಿದರು, ಅಲ್ಲಿಯೇ ಹೋರಾಡಿ ಮಡಿದರು. ಇದೇ ಕಾಯಿದೆಯಿಂದ ಕೊಡಗಿಗೆ ಮಾತ್ರ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟರು. ಒಂದೇ ಸರಕಾರ ತುಂಗಭದ್ರೆಯ ಉತ್ತರಕ್ಕೆ ಕೋವಿ ಕಿತ್ತುಕೊಂಡಿತು, ಕಾವೇರಿಯ ತಲೆಯಲ್ಲಿ ಮನೆಮನೆಗೆ ಬಿಟ್ಟುಕೊಟ್ಟಿತು. ಕೋವಿಗೆ ಹೂ ಮುಡಿಸಿ ಪೂಜಿಸುವ ಕೈಲ್‌ಪೊಳ್ದ್ ಹಬ್ಬ ಈಗ ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದೇ ಬರುತ್ತದೆ. ತೋಟದ ದೊರೆಯ ಮಗ ಆ ಆಚರಣೆಯನ್ನು ಎಷ್ಟು ಕಂಡಿದ್ದನೋ, ಕೋವಿ ಮನೆಯ ಸಾಮಾನಾಗಿದ್ದ ನಾಡಿನಲ್ಲಂತೂ ಅವನ ಬಾಲ್ಯದ ಒಂದು ಭಾಗ ಕಳೆದಿತ್ತು.

ಇಂಗ್ಲೆಂಡಿನಲ್ಲಿ ಅವನ ಎದುರಿಗೆ ಬಂದದ್ದು ಹಿಂದೆ ಯಾವ ಬೇಟೆಗಾರನೂ ಕಾಣದ ಗುರಿ. ಜರ್ಮನಿಯ ವಾಯುನೌಕೆಗಳು 1915ರಿಂದ ರಾತ್ರಿ ಹೊತ್ತು ಬಂದು ಇಂಗ್ಲೆಂಡಿನ ಊರುಗಳ ಮೇಲೆ ಬಾಂಬು ಸುರಿಯುತ್ತಿದ್ದವು. ಒಂದೊಂದೂ ನೂರೈವತ್ತು ಮೀಟರಿಗೆ ಮಿಕ್ಕ ಉದ್ದ. ಒಳಗೆ ಸಾಲು ಸಾಲು ಚೀಲಗಳಲ್ಲಿ ಜಲಜನಕ. ಆ ಚೀಲಗಳಿಗೆ ದನದ ಕರುಳಿನ ತೆಳುಪೊರೆಯ ಅಸ್ತರಿ. ಜಲಜನಕ ಹೊತ್ತಿಕೊಳ್ಳುವ ಅನಿಲ ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೂ ಮಾಮೂಲಿ ಗುಂಡಿಗೆ ಈ ದೈತ್ಯ ಬೀಳುತ್ತಿರಲಿಲ್ಲ. .303 ಗುಂಡು ಮಾಡುವ ತೂತು ಎಂಟು ಮಿಲಿಮೀಟರೂ ಇಲ್ಲ, ಚೀಲದೊಳಗಿನ ಒತ್ತಡವೂ ಕಡಿಮೆ. ನೂರು ತೂತು ಬಿದ್ದರೂ ಅನಿಲ ನಿಧಾನವಾಗಿ ಸೋರುತ್ತದೆ, ನೌಕೆ ಮನೆ ಮುಟ್ಟುತ್ತದೆ. ಬೆಂಕಿಯ ಗುಂಡು ಹೊಡೆದರೂ ಪ್ರಯೋಜನ ಕಡಿಮೆ, ಏಕೆಂದರೆ ಚೀಲದೊಳಗೆ ಆಮ್ಲಜನಕವಿಲ್ಲ. ಗಾಳಿಯೊಂದಿಗೆ ಬೆರೆಯದ ಜಲಜನಕದೊಳಗೆ ಕಿಡಿ ಹೊಕ್ಕರೆ ಕಿಡಿಯೇ ಆರುತ್ತದೆ.

ಹಾಗಾಗಿ ಮೊದಮೊದಲು ಪೈಲಟ್‌ಗಳು ವಾಯುನೌಕೆಗಿಂತ ಮೇಲೆ ಏರಿ ಅದರ ಬೆನ್ನ ಮೇಲೆ ಬಾಂಬು ಹಾಕಲು ಹೆಣಗುತ್ತಿದ್ದರು. 1915ರ ಜೂನ್ 7ರಂದು ಬೆಲ್ಜಿಯಂನ ಗೆಂಟ್ ಬಳಿ ರೆಜಿನಾಲ್ಡ್ ವಾರ್ನ್‌ಫರ್ಡ್ ಹೀಗೆ ಒಂದನ್ನು ಸುಟ್ಟ. ಅವನು ಹುಟ್ಟಿದ್ದು ಡಾರ್ಜಿಲಿಂಗಿನಲ್ಲಿ. ಆದರೆ ಇಂಗ್ಲೆಂಡಿನ ಕಾವಲಿಗಿದ್ದ ಬಿ.ಇ.2ಸಿ ವಿಮಾನ ಮೇಲೇರುವುದರಲ್ಲಿ ಬಹಳ ನಿಧಾನ. ರಾಬಿನ್ಸನ್ನನಿಗೆ ಆ ರಾತ್ರಿ ಹತ್ತು ಸಾವಿರ ಅಡಿ ಏರಲು 53 ನಿಮಿಷ ಹಿಡಿಯಿತು. ವಾಯುನೌಕೆಯೋ ಭಾರ ಚೆಲ್ಲಿ ಸರಸರನೆ ಮೇಲಕ್ಕೆ ಜಾರಿಕೊಳ್ಳಬಲ್ಲದು. ಕೆಳಗಿನಿಂದಲೇ ಕೊಲ್ಲುವ ದಾರಿ ಬೇಕಿತ್ತು.

ದಾರಿ ತೋರಿಸಿದವರಲ್ಲಿ ಇಬ್ಬರು ಮುಖ್ಯರು. ನ್ಯೂಜಿಲೆಂಡಿನ ಜಾನ್ ಪೊಮೆರೊಯ್ ಸಿಡಿಗುಂಡೊಂದನ್ನು ರೂಪಿಸಿ ಯುದ್ಧಕ್ಕೂ ಮೊದಲಿನಿಂದ ಬ್ರಿಟಿಷ್ ಅಧಿಕಾರಿಗಳ ಬಾಗಿಲು ತಟ್ಟುತ್ತಲೇ ಇದ್ದ. ವರ್ಷಗಟ್ಟಲೆ ಯಾರೂ ಕಿವಿಗೊಡಲಿಲ್ಲ. ಎರಡನೆಯವನು ನೌಕಾದಳದ ಫ್ರಾಂಕ್ ಬ್ರಾಕ್. ಇಂಗ್ಲೆಂಡಿನ ಹೆಸರಾಂತ ಬಾಣಬಿರುಸಿನ ಮನೆತನದವನು, ಮದ್ದಿನ ಗುಣ ಕೈಯಲ್ಲೇ ಬಲ್ಲವನು. ಇವರ ಜೊತೆಗೆ ಕವೆಂಟ್ರಿಯ ಬಕಿಂಗ್‌ಹ್ಯಾಂ ರಂಜಕ ತುಂಬಿದ ಬೆಂಕಿಗುಂಡು ಮಾಡಿದ. ಇವೆಲ್ಲವೂ .303 ಅಳತೆಯವೇ, ಒಂದೇ ನಳಿಗೆಯಲ್ಲಿ ಓಡುತ್ತಿದ್ದವು. ಒಂದೊಂದನ್ನೇ ಪ್ರತ್ಯೇಕವಾಗಿ ನೋಡಿದರೆ ಯಾವುದೂ ಪೂರ್ತಿ ನಂಬುವಂತಿರಲಿಲ್ಲ. ಸಿಡಿಗುಂಡು ಚೀಲವನ್ನು ಅಗಲವಾಗಿ ಹರಿದರೆ ಜಲಜನಕ ಹೊರಗೆ ನುಗ್ಗಿ ಗಾಳಿಯೊಡನೆ ಬೆರೆಯುತ್ತದೆ. ಆ ಮಿಶ್ರಣಕ್ಕೆ ಹಿಂದೆಯೇ ಬರುವ ಗುಂಡಿನ ಕಿಡಿ ತಗಲಿದರೆ ಹೊತ್ತಿಕೊಳ್ಳುತ್ತದೆ. ಒಂದು ಬಾಗಿಲು ತೆರೆಯಬೇಕು, ಇನ್ನೊಂದು ದೀಪ ಹಿಡಿದು ಒಳಹೋಗಬೇಕು. ಗುಂಡುಗಳ ಬೆರಕೆಯ ತರ್ಕ ಇಷ್ಟೇ.

ಬೆರಕೆಗೆ ಅನುಕೂಲ ಮಾಡಿಕೊಟ್ಟದ್ದು ವಿಮಾನದ ಲೂಯಿಸ್ ಮೆಷಿನ್ ಗನ್. ಅದರ ಮ್ಯಾಗಜಿನ್ ಎಂದರೆ ಬಂದೂಕಿನ ನೆತ್ತಿಯ ಮೇಲೆ ಅಡ್ಡಲಾಗಿ ಕೂರುವ ಚಪ್ಪಟೆ ದುಂಡು ಡ್ರಮ್ಮು. ಮೂತಿ ನಡುವಿಗೆ, ಬುಡ ಅಂಚಿಗೆ ಮಾಡಿ 47 ತೋಟಾಗಳನ್ನು ಅದರಲ್ಲಿ ಸುತ್ತಲೂ ಜೋಡಿಸುತ್ತಿದ್ದರು. ಪ್ರತಿ ಹೊಡೆತಕ್ಕೂ ಡ್ರಮ್ಮು ಒಂದು ಹಲ್ಲು ತಿರುಗುತ್ತದೆ. ಒಂದು ಬ್ರಾಕ್ ಗುಂಡು, ಒಂದು ಪೊಮೆರೊಯ್ ಗುಂಡು, ಮತ್ತೆ ಒಂದು ಬ್ರಾಕ್: ಹೀಗೆ ಕೈಯಿಂದ ಒಂದೊಂದಾಗಿ ಪೋಣಿಸಿದರೆ ಸರದಿ ಕೊನೆಯ ತನಕ ತಪ್ಪುವುದಿಲ್ಲ. ವಿಮಾನ ಹಾರಿಸಿದವನಿಗೆ ಪದಕ ಬಂತು. ದೀಪದ ಬೆಳಕಿನಲ್ಲಿ ಕೂತು ಡ್ರಮ್ಮು ತುಂಬಿದ ಮಿಸ್ತ್ರಿಗಳ ಹೆಸರು ಚರಿತ್ರೆಯ ಪುಟಕ್ಕೆ ಬರಲಿಲ್ಲ. ಆ ರಾತ್ರಿಯ ಗೆಲುವಿನಲ್ಲಿ ಅವರದು ಸಮಪಾಲು.

ಸೆಪ್ಟೆಂಬರ್ 2ರ ರಾತ್ರಿ ಜರ್ಮನ್ನರು 16 ವಾಯುನೌಕೆಗಳನ್ನು ಒಟ್ಟಿಗೆ ಕಳಿಸಿದರು. ಅಷ್ಟು ದೊಡ್ಡ ದಾಳಿ ಹಿಂದೆ ನಡೆದಿರಲಿಲ್ಲ. ಹಾರ್ನ್‌ಚರ್ಚಿನ ಸಟನ್ಸ್ ಫಾರ್ಮ್ ಮೈದಾನದಿಂದ ರಾಬಿನ್ಸನ್ ಹನ್ನೊಂದು ಗಂಟೆ ದಾಟುತ್ತಲೇ ಮೇಲೇರಿದ. ಮೊದಲು ಕಂಡ ಒಂದು ನೌಕೆ ಮೋಡದಲ್ಲಿ ತಪ್ಪಿಸಿಕೊಂಡಿತು. ಒಟ್ಟು ಸುಮಾರು ಮೂರು ಗಂಟೆ ಚಳಿಯಲ್ಲಿ ಅಲೆದ ಮೇಲೆ ಸರ್ಚ್‌ಲೈಟುಗಳ ಬೆಳಕಿಗೆ ಸಿಕ್ಕ ಇನ್ನೊಂದು ಕಂಡಿತು. ಅದು ಎಸ್‌ಎಲ್ 11. ಷುಟ್ಟೆ-ಲಾಂಜ್ ಕಂಪನಿಯ, ಮರದ ಹಂದರದ ಸೈನ್ಯದ ನೌಕೆ. ಹಾಗಾಗಿ ಕಟ್ಟುನಿಟ್ಟಾಗಿ ಹೇಳಿದರೆ ಅದು ಜೆಪ್ಪೆಲಿನ್ ಕಂಪನಿಯದಲ್ಲ, ಆದರೆ ಲಂಡನ್ನಿನ ಜನಕ್ಕೆ ಆಗ ಆಕಾಶದಲ್ಲಿ ತೇಲುವುದೆಲ್ಲ ಜೆಪ್ಪೆಲಿನ್ನೇ.

ಮುಂದೆ ನಡೆದದ್ದು ಅವನೇ ಬರೆದ ವರದಿಯಲ್ಲಿದೆ. ನೌಕೆಗಿಂತ 800 ಅಡಿ ಕೆಳಗೆ ಮೂತಿಯಿಂದ ಬಾಲದವರೆಗೆ ಹಾರುತ್ತ, ಬ್ರಾಕ್ ಮತ್ತು ಪೊಮೆರೊಯ್ ಒಂದರ ಹಿಂದೊಂದು ತುಂಬಿದ ಮೊದಲ ಡ್ರಮ್ಮನ್ನು ಅದರ ಹೊಟ್ಟೆಯುದ್ದಕ್ಕೂ ಹರಡಿದ. ಏನೂ ಆಗಲಿಲ್ಲ. ಪಕ್ಕಕ್ಕೆ ಸರಿದು ಎರಡನೆಯ ಡ್ರಮ್ಮನ್ನು ಮಗ್ಗುಲುದ್ದಕ್ಕೆ ಹರಡಿದ. ಆಗಲೂ ಏನೂ ಇಲ್ಲ. ಮೂರನೆಯದನ್ನು ಹಾಕಿಕೊಂಡು ಹಿಂದಕ್ಕೆ ಬಂದ. 500 ಅಡಿಗಿಂತ ಹತ್ತಿರ ಹೋಗಿ, ಬಾಲದ ಕೆಳಗಿನ ಒಂದೇ ಜಾಗಕ್ಕೆ ಗುರಿಯಿಟ್ಟು ಇಡೀ ಡ್ರಮ್ಮು ಅಲ್ಲೇ ಸುರಿದ. ಡ್ರಮ್ಮು ಮುಗಿಯುವಷ್ಟರಲ್ಲಿ ಆ ಜಾಗ ಒಳಗಿನಿಂದ ಕೆಂಪೇರಿತು. ಕೆಲವೇ ಕ್ಷಣದಲ್ಲಿ ಹಿಂಭಾಗ ಪೂರ್ತಿ ಧಗಧಗಿಸಿತು.

ಈ ಮೂರು ಡ್ರಮ್ಮುಗಳ ವ್ಯತ್ಯಾಸದಲ್ಲೇ ವಿಷಯದ ತಿರುಳಿದೆ. ಹೊಸ ಬಗೆಯ ಗುಂಡು ಬಂತು, ಜೆಪ್ಪೆಲಿನ್ ಬಿತ್ತು ಎಂದು ಎಷ್ಟೋ ಕಡೆ ಬರೆದಿದ್ದಾರೆ. ಆದರೆ ಅಂಥದೇ ಗುಂಡುಗಳು ಮೊದಲ ಡ್ರಮ್ಮಿನಲ್ಲೂ ಇದ್ದವು. ಹರಡಿ ಹೊಡೆದಾಗ ಹರಿದ ಜಾಗ ಒಂದು ಕಡೆ, ಕಿಡಿ ಬಿದ್ದ ಜಾಗ ಇನ್ನೊಂದು ಕಡೆ ಆಯಿತು. ಸರದಿ ಡ್ರಮ್ಮಿನಲ್ಲಿತ್ತು, ಗುರಿಯಲ್ಲಿ ಕೂಡಿಬರಲಿಲ್ಲ. ಒಂದೇ ಜಾಗಕ್ಕೆ ಹೊಡೆದಾಗ ಮಾತ್ರ ಮೊದಲ ಗುಂಡಿನ ಕೆಲಸ ಎರಡನೆಯದಕ್ಕೆ ಉಪಯೋಗಕ್ಕೆ ಬಂತು. ಬೆರಕೆ ಮಾಡಿದ್ದಕ್ಕೆ ಅರ್ಥ ಬಂದದ್ದು ಇಪ್ಪತ್ತೊಂದು ವರ್ಷದ ಪೈಲಟ್ ಹೊಡೆಯುವ ಕ್ರಮ ಬದಲಿಸಿದ್ದರಿಂದ.

ಉರಿಯುವ ನೌಕೆ ಹರ್ಟ್‌ಫರ್ಡ್‌ಶೈರಿನ ಕಫ್ಲಿ ಹಳ್ಳಿಯ ಹೊಲದಲ್ಲಿ ಬಿತ್ತು. ಕ್ಯಾಪ್ಟನ್ ವಿಲ್‌ಹೆಲ್ಮ್ ಶ್ರಾಮ್ ಸೇರಿ ಒಳಗಿದ್ದ 16 ಮಂದಿಯೂ ಸುಟ್ಟು ಸತ್ತರು. ಬ್ರಿಟನ್ನಿನ ನೆಲದ ಮೇಲೆ ಬಿದ್ದ ಮೊದಲ ವಾಯುನೌಕೆ ಅದು; ಬೆಳಕು ಹತ್ತಾರು ಮೈಲಿ ಕಂಡಿತು, ಲಂಡನ್ನಿನ ಬೀದಿಗಳಲ್ಲಿ ಜನ ಹಾಡಿ ಕುಣಿದರು. ಮೈದಾನಕ್ಕೆ ಮರಳಿದ ರಾಬಿನ್ಸನ್ ವಿಮಾನ ನೋಡಿಕೊಂಡರೆ, ತನ್ನದೇ ಗುಂಡುಗಳು ಮೆಷಿನ್ ಗನ್ನಿನ ಮುಂದಿನ ತಂತಿ ಕಾವಲನ್ನು ಹಾರಿಸಿ, ಮೇಲಿನ ರೆಕ್ಕೆಯ ನಡುಭಾಗ ಕೊರೆದಿದ್ದವು. ಎರಡೇ ದಿನದಲ್ಲಿ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಅದೇ ತಿಂಗಳ 24ರಂದು ಅವನ ದಳದ ಸೌರಿ ಇಂಥದೇ ಮಿಶ್ರ ಡ್ರಮ್ಮುಗಳಿಂದ ಎಲ್ 32ನ್ನು, ಅಕ್ಟೋಬರ್ 1ರಂದು ಟೆಂಪೆಸ್ಟ್ ಎಲ್ 31ನ್ನು ಬೀಳಿಸಿದರು.

ಈ ಗುಂಡುಗಳಿಗೆ ಕಾನೂನಿನ ತೊಡಕೂ ಇತ್ತು. 400 ಗ್ರಾಮಿಗಿಂತ ಹಗುರಾದ ಸಿಡಿಗುಂಡು, ಬೆಂಕಿಗುಂಡುಗಳನ್ನು ಯುದ್ಧದಲ್ಲಿ ಬಳಸುವುದಿಲ್ಲವೆಂದು 1868ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಯುರೋಪಿನ ದೇಶಗಳು ಸಹಿ ಹಾಕಿದ್ದವು. .303 ಗುಂಡು ತೂಗುವುದು ಹನ್ನೊಂದು ಗ್ರಾಮಿನ ಆಸುಪಾಸು. ಮನುಷ್ಯನ ದೇಹಕ್ಕೆ ಇಂಥ ಗುಂಡು ಹೊಡೆಯುವುದು ಅನವಶ್ಯಕ ಕ್ರೌರ್ಯ ಎಂಬ ಕಾಳಜಿ ಅದರ ಹಿಂದಿತ್ತು, ಆ ಕಾಳಜಿ ಸರಿಯಾದದ್ದೇ. ಬಲೂನು ಹೊಡೆಯಲು ಶತ್ರು ಗಡಿಯ ಮೇಲೆ ಹೋಗುವ ಬ್ರಿಟಿಷ್ ಪೈಲಟ್‌ಗಳು ಬೆಂಕಿಗುಂಡು ತಮ್ಮ ಬಳಿ ಏಕಿದೆ ಎಂದು ತಿಳಿಸುವ ಲಿಖಿತ ಆದೇಶ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಸೆರೆ ಸಿಕ್ಕಾಗ ಜೀವ ಉಳಿಸುವ ಕಾಗದ ಅದು.

ರಾಬಿನ್ಸನ್ ಸೆರೆ ಸಿಕ್ಕದ್ದು ಬೇರೆ ರೀತಿಯಲ್ಲಿ. 1917ರ ಏಪ್ರಿಲ್ 5ರಂದು ಹೊಸ ಬ್ರಿಸ್ಟಲ್ ಫೈಟರ್ ವಿಮಾನಗಳ ಮೊದಲ ಯುದ್ಧ ಹಾರಾಟದಲ್ಲೇ ಜರ್ಮನಿಯ ಹೆಸರಾಂತ ಪೈಲಟ್ ರಿಚ್ಟೋಫನ್ನನ ದಳಕ್ಕೆ ಎದುರಾಗಿ, ಅವನದೂ ಸೇರಿ ಆರರಲ್ಲಿ ನಾಲ್ಕು ವಿಮಾನ ಬಿದ್ದವು. ತಪ್ಪಿಸಿಕೊಳ್ಳಲು ಮತ್ತೆ ಮತ್ತೆ ಯತ್ನಿಸಿ ಒಂಟಿಸೆರೆ ಅನುಭವಿಸಿ, ಜರ್ಜರಿತನಾಗಿ 1918ರ ಡಿಸೆಂಬರಿನಲ್ಲಿ ಇಂಗ್ಲೆಂಡಿಗೆ ಮರಳಿದ. ಅದೇ ತಿಂಗಳ 31ರಂದು ಸ್ಪ್ಯಾನಿಷ್ ಫ್ಲೂ ಅವನನ್ನು ಕೊಂದಿತು. ವಯಸ್ಸು 23.

ಅಷ್ಟರಲ್ಲಿ ಬೆರಕೆಯ ಕಲೆ ಒಂದು ಹೆಜ್ಜೆ ಮುಂದೆ ಹೋಗಿತ್ತು. ರಿಚರ್ಡ್ ಥ್ರೆಲ್‌ಫಾಲ್ ಹೆಸರಿನ ಆರ್‌ಟಿಎಸ್ ಗುಂಡಿನಲ್ಲಿ ಸಿಡಿಯುವ ಮದ್ದು, ಉರಿಯುವ ಮದ್ದು ಎರಡೂ ಒಂದೇ ಕವಚದೊಳಗೆ ಸೇರಿದವು. ಬೇರೆ ಉದ್ದೇಶಗಳಿಗೆ ಬೆರಕೆ ಉಳಿದುಕೊಂಡಿತು. ನಾಲ್ಕು ಮಾಮೂಲಿ ಗುಂಡಿಗೆ ಒಂದು ಬೆಳಕಿನ ಗೆರೆ ಎಳೆಯುವ ಟ್ರೇಸರ್ ಎಂಬ ಲೆಕ್ಕ ಜಗತ್ತಿನ ಎಷ್ಟೋ ಸೈನ್ಯಗಳ ಮೆಷಿನ್ ಗನ್ನುಗಳಲ್ಲಿ ಇಂದಿಗೂ ಇದೆ. ಗುಂಡು ಎಲ್ಲಿಗೆ ಹೋಗುತ್ತಿದೆ ಎಂದು ಹೊಡೆಯುವವನಿಗೆ ಕಾಣುತ್ತದೆ. ಎಲ್ಲಿಂದ ಬರುತ್ತಿದೆ ಎಂದು ಎದುರಿನವನಿಗೂ ಕಾಣುತ್ತದೆ. ಉರಿಯುತ್ತ ಹೋಗುವ ಟ್ರೇಸರ್ ತೂಕ ಕಳೆದುಕೊಳ್ಳುವುದರಿಂದ ದೂರದಲ್ಲಿ ಅದರ ದಾರಿ ಉಳಿದ ಗುಂಡುಗಳ ದಾರಿಯಿಂದ ಬೇರೆಯಾಗುತ್ತದೆ. ಬೆರಕೆ ಮಾಡುವವರು ಈ ನಷ್ಟಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಭಾರತದಲ್ಲಿ ಬ್ರಿಟಿಷ್ ಸರಕಾರ ಈ ಬೆರಕೆಯ ಕಲೆಗೆ ತೀರ ವಿರುದ್ಧವಾದ ಕೆಲಸವನ್ನೂ ಮಾಡಿತು. 1857ರ ಭಯ ಅದರ ಎದೆಯಿಂದ ಇಳಿದೇ ಇರಲಿಲ್ಲ. ದಂಗೆಯ ಬೆನ್ನಿಗೇ ದೇಶೀ ಸಿಪಾಯಿಗಳಿಗೆ ನಳಿಗೆಯೊಳಗೆ ಗೀರಿಲ್ಲದ, ಗುರಿ ನಿಲ್ಲದ ಕೀಳು ಬಂದೂಕು ಕೊಟ್ಟಿತ್ತು. ಇಪ್ಪತ್ತನೇ ಶತಮಾನದಲ್ಲಿ ಪೊಲೀಸರಿಗೆ, ಜೈಲಿನ ಕಾವಲುಗಾರರಿಗೆ ಬಂದೂಕು ಬೇಕಾದಾಗ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲುಗಳನ್ನೇ .410 ಮಸ್ಕೆಟ್ಟುಗಳಾಗಿ ಮಾರ್ಪಡಿಸಿದರು. ನಳಿಗೆ ಕೊರೆದು ನುಣುಪು ಮಾಡಿ, ತೋಟಾ ಕೂರುವ ಗೂಡಿನ ಅಳತೆ ಬದಲಿಸಿದರು. ಕದ್ದೊಯ್ದವನ ಕೈಗೆ ಸೈನ್ಯದ .303 ತೋಟಾ ಸಿಕ್ಕರೂ ಈ ಬಂದೂಕಿನಲ್ಲಿ ಉಪಯೋಗಕ್ಕೆ ಬಾರದು. ಮ್ಯಾಗಜಿನ್ನನ್ನು ತೆಗೆದು, ಅದರ ಜಾಗಕ್ಕೆ ಮರದ ತುಂಡು ಬಡಿದು ಮುಚ್ಚಿದರು. ಕಾನ್‌ಸ್ಟೇಬಲ್ ಒಂದು ಸಲಕ್ಕೆ ಒಂದೇ ತೋಟಾವನ್ನು ಕೈಯಿಂದ ಹಾಕಬೇಕು, ಹೊಡೆದ ಮೇಲೆ ಇನ್ನೊಂದನ್ನು ಹುಡುಕಬೇಕು. ಸ್ವಾತಂತ್ರ್ಯ ಬಂದ ಮೇಲೂ ದಶಕಗಳ ಕಾಲ ದೇಶದ ಪೊಲೀಸ್ ಪಡೆಗಳ ಹೆಗಲ ಮೇಲೆ ಈ ಮಸ್ಕೆಟ್ಟುಗಳಿದ್ದವು.