ಇಂಜಿನ್ನಿನ ಕಾಲಡಿಯ ರಬ್ಬರು

ಬಾಗಲಕೋಟೆ ಸೀಮೆಯವರು ಹಡಗಿನ ಮಾತೆತ್ತಿದರೆ ಕರಾವಳಿಯ ಗೆಳೆಯರು ನಗುತ್ತಾರೆ. ಬಿಳಿಜೋಳದ ನಾಡಿಗೂ ಕಡಲಿಗೂ ಎಲ್ಲಿಯ ನಂಟು ಎಂದು ಕೇಳುತ್ತಾರೆ. ನಾವು ಅವರನ್ನು ಹುನಗುಂದ ಸೀಮೆಯ ಐಹೊಳೆಗೆ ಕರೆಯುತ್ತೇವೆ. ಅಲ್ಲಿನ ಮೇಗುತಿ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನವಿದೆ, ಬರೆದವನು ರವಿಕೀರ್ತಿ. ಬಾದಾಮಿಯ ಇಮ್ಮಡಿ ಪುಲಿಕೇಶಿ ಪಡುವಣ ಕಡಲಿನ ಪುರಿಯನ್ನು ನೂರಾರು ಹಡಗುಗಳೊಂದಿಗೆ ಮುತ್ತಿದನೆಂದು ಅದು ಹೇಳುತ್ತದೆ. ಶಾಸನದಲ್ಲಿ ಅರಸನ ಹೆಸರಿದೆ, ಕವಿಯ ಹೆಸರಿದೆ. ಆ ಹಡಗುಗಳ ಸಡಿಲಾದ ಹಲಗೆಗಳನ್ನು ಮತ್ತೆ ಬಿಗಿದವರ ಹೆಸರಿಲ್ಲ.

ಈ ವಿಚಾರ ನಮ್ಮನ್ನು ಕಾಡತೊಡಗಿದ್ದು ಕೆಲವು ವರ್ಷಗಳ ಹಿಂದೆ, ಆಲಮಟ್ಟಿ ಹಿನ್ನೀರಿನ ಒಂದು ದಂಡೆಯಲ್ಲಿ. ಜನರನ್ನು ದಾಟಿಸುವ ಒಂದು ಬೋಟು ಕೆಟ್ಟು ನಿಂತಿತ್ತು. ಇಂಜಿನ್ ಚಾಲೂ ಮಾಡಿದರೆ ಹಲಗೆಗಳೆಲ್ಲ ನಡುಗುತ್ತಿದ್ದವು. ಪಂಖದ ಶಾಫ್ಟ್ ಹೊರಹೋಗುವ ಕಡೆಯಿಂದ ನೀರು ಜಿನುಗುತ್ತಿತ್ತು. ಮಾಲೀಕ ಇಂಜಿನ್ನನ್ನು ಗುಜರಿಗೆ ಹಾಕುವ ಯೋಚನೆಯಲ್ಲಿದ್ದ. ಕರೆಸಿದ್ದ ಮುದಿ ಮಿಸ್ತ್ರಿ ಇಂಜಿನ್ನಿನ ಮೇಲ್ಭಾಗವನ್ನು ಮುಟ್ಟಲೇ ಇಲ್ಲ. ಅಂಗಾತ ಮಲಗಿ ಅದರ ಕಾಲಡಿಗೆ ಬ್ಯಾಟರಿ ಬಿಟ್ಟು ನೋಡಿದರು. "ಇಂಜಿನ್ ಮುದಕ ಆಗಿಲ್ರಿ, ಕಾಲಾನ ರಬ್ಬರ್ ಸತ್ತೈತಿ" ಎಂದರು.

ನಮ್ಮ ಕಡೆಯ ಹಳ್ಳಿಗಳಿಗೆ ಡೀಸೆಲ್ ಇಂಜಿನ್ ಬಂದದ್ದು ಬಾವಿ ಮತ್ತು ಹಿಟ್ಟಿನ ಗಿರಣಿಗಳಿಗಾಗಿ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಯಂತ್ರವದು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮ ಮನೆತನ 1946ರಲ್ಲಿ ಪುಣೆಯಲ್ಲಿ ಇದಕ್ಕೆಂದೇ ಕಂಪನಿ ತೆರೆಯಿತು. ಗಿರಣಿಯ ಇಂಜಿನ್ನಿಗೆ ಕಾಂಕ್ರೀಟಿನ ಪಾಯ ಹಾಕಿ ಬೋಲ್ಟು ಬಿಗಿದರೆ ಮುಗಿಯಿತು. ಅದರ ಅದುರನ್ನು ಭೂಮಿಯೇ ನುಂಗುತ್ತದೆ. ದೋಣಿಗೆ ಆ ಭೂಮಿ ಇಲ್ಲ. ಆದ್ದರಿಂದ ಇಂಜಿನ್ನಿನ ಪಾದಗಳಡಿಯಲ್ಲಿ ಎರಡು ಲೋಹದ ತಗಡುಗಳ ನಡುವೆ ಅಂಟಿಸಿದ ದಪ್ಪ ರಬ್ಬರನ್ನು ಇಡುತ್ತಾರೆ. ಮೋಟಾರು ವಾಹನಗಳಲ್ಲೂ ಇದೇ ಉಪಾಯ. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನ ಇಂಜಿನ್ನನ್ನು ರಬ್ಬರಿನ ಮೇಲೆ ಕೂರಿಸಿದ್ದನ್ನೇ ದೊಡ್ಡ ಸುದ್ದಿ ಮಾಡಿ ಮಾರಿತ್ತು.

ದೋಣಿಯಲ್ಲಿ ಈ ರಬ್ಬರಿನ ದುಡಿಮೆ ಇನ್ನೂ ಹೆಚ್ಚು. ಅನೇಕ ದೋಣಿಗಳಲ್ಲಿ ಪಂಖ ನೀರನ್ನು ಹಿಂದಕ್ಕೆ ತಳ್ಳಿದಾಗ ದೋಣಿಯನ್ನು ಮುಂದಕ್ಕೆ ನೂಕುವ ಬಲವೂ ಇದರ ಮೂಲಕವೇ ಹಾಯುತ್ತದೆ. ಹಾಯಿದೋಣಿಯಾದರೆ ಗಾಳಿಗೆ ವಾಲಿಕೊಂಡೇ ಸಾಗುವುದರಿಂದ ಒಂದು ಮಗ್ಗುಲಿನ ರಬ್ಬರಿಗೆ ಭಾರ ಹೆಚ್ಚು. ಶಾಖಕ್ಕೆ ಅದು ಗಟ್ಟಿಯಾಗಿ ಬಿರಿಯುತ್ತದೆ, ಸೋರಿದ ಡೀಸೆಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಇಂಜಿನ್ ಕೂದಲೆಳೆಯಷ್ಟು ಕುಸಿದರೂ ಶಾಫ್ಟಿನ ನೇರ ತಪ್ಪುತ್ತದೆ. ಆಗ ನೋಡುವವರು ಇಂಜಿನ್ನನ್ನೇ ಬೈಯುತ್ತಾರೆ.

ಮಿಸ್ತ್ರಿ ಮೊದಲು ಹಳೆಯ ರಬ್ಬರುಗಳ ಎತ್ತರವನ್ನು ಅಳೆದು ಬರೆಸಿಕೊಂಡರು. ಶಾಫ್ಟಿನ ಕಪ್ಲಿಂಗ್ ಬಿಚ್ಚಿದರು. ಜಾಕ್ ಮತ್ತು ಮರದ ತುಂಡುಗಳ ಮೇಲೆ ಇಂಜಿನ್ನನ್ನು ತುಸುವೇ ಎತ್ತಿ, ಒಂದೊಂದಾಗಿ ನಾಲ್ಕನ್ನೂ ಬದಲಿಸಿದರು. ಕೆಟ್ಟದ್ದು ಎರಡೇ ಅಲ್ಲವೇ ಎಂದು ಮಾಲೀಕ ಕೇಳಿದ. ಹೊಸದು ಹಳೆಯದು ಒಂದೇ ಸಮ ಮಣಿಯುವುದಿಲ್ಲ ಎಂಬುದು ಉತ್ತರ. ಮರುದಿನದವರೆಗೆ ಕೆಲಸ ನಿಲ್ಲಿಸಿದರು. ಭಾರ ಬಿದ್ದ ಹೊಸ ರಬ್ಬರು ತುಸು ಕುಗ್ಗಿ ಕೂರಬೇಕಂತೆ. ಆಮೇಲೆ ಬೋಟು ನೀರಿನಲ್ಲಿ ತೇಲುತ್ತಿರುವಾಗಲೇ ಕಪ್ಲಿಂಗಿನ ಎರಡು ಮುಖಗಳ ನಡುವೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಫೀಲರ್ ಗೇಜ್ ತೂರಿಸಿ ನೋಡಿದರು. ದಂಡೆಗೆ ಎಳೆದಾಗ ಬೋಟಿನ ಒಡಲು ತುಸು ಬಾಗುವುದರಿಂದ ಅಲ್ಲಿ ತೆಗೆದ ಅಳತೆ ಸುಳ್ಳಾಗುತ್ತದೆ. ಕಪ್ಲಿಂಗಿನ ಅಗಲ 4 ಇಂಚಾದರೆ ನಾಲ್ಕು ಕಡೆಯ ಅಳತೆಗಳಲ್ಲಿ ಇಂಚಿನ ಸಾವಿರದ 4 ಪಾಲಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಟ್ಟನ್ನು ಕಾಲು ಸುತ್ತು ತಿರುಗಿಸುವುದು, ಮತ್ತೆ ಅಳೆಯುವುದು. ಅರ್ಧ ದಿನ ಹೀಗೇ ಕಳೆಯಿತು. ಕಪ್ಲಿಂಗ್ ಕೂಡಿಸಿ ಚಾಲೂ ಮಾಡಿದಾಗ ಹಲಗೆಯ ಮೇಲಿಟ್ಟ ಚಹಾದ ಲೋಟ ಅಲುಗಲಿಲ್ಲ.

ಆಗ ನಮಗೆ ಇಬ್ನ್ ಬತೂತಾ ನೆನಪಾದರು. 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದ ಆ ಪ್ರವಾಸಿ, ಹಿಂದೂಸ್ತಾನ ಮತ್ತು ಯೆಮನ್‌ನ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾರೆಂದು ಬರೆದಿದ್ದಾರೆ. ಕಾರಣವನ್ನೂ ಕೊಡುತ್ತಾರೆ: ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಮಣಿದು ಉಳಿಯುತ್ತದೆ. ಇಳಕಲ್ಲಿನ ನೇಕಾರರು ಸೀರೆಯ ಒಡಲನ್ನೂ ಸೆರಗನ್ನೂ ಕುಣಿಕೆಗೆ ಕುಣಿಕೆ ಕೊಂಡಿ ಹಾಕಿ ಕೂಡಿಸುವ ಜಾಣ್ಮೆ ಇದರ ನೆಂಟನೇ ಸರಿ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಒಂದು ಕಾಲಕ್ಕೆ ಗಾಳಿಯನ್ನೇ ನಂಬಿದ್ದವು. ಮುಂದೆ ಅವಕ್ಕೂ ಇಂಜಿನ್ ಬಂತು. ಕಾಯಿದೆಯ ಭಾಷೆಯಲ್ಲಿ ಅಂಥವು 'ಯಾಂತ್ರಿಕ ಹಾಯಿಹಡಗು'ಗಳು. ಹಲಗೆಗಳ ನಡುವೆ ಹುರಿ ಮಾಡುತ್ತಿದ್ದ ಕೆಲಸವನ್ನೇ ಈಗಿನ ದೋಣಿಯಲ್ಲಿ ಇಂಜಿನ್ನಿನಡಿಯ ರಬ್ಬರು ಮಾಡುತ್ತದೆ.

ಮಿಸ್ತ್ರಿಯ ಅಂಗಡಿ ಹಳೆಯ ಬಾಗಲಕೋಟೆಯಲ್ಲಿತ್ತು. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಾಗ ಅವರಿನ್ನೂ ಹುಡುಗ. ದಶಕಗಳ ನಂತರ ನೀರು ಊರಿನೊಳಗೆ ಬಂತು, ನವನಗರ ಎದ್ದಿತು, ನದಿದಂಡೆಯ ಹೊಲಗಳ ಪಂಪುಗಳೂ ಅವರ ಗಿರಾಕಿಗಳೂ ಚದುರಿಹೋದರು. ಗೋಡೆ ಮತ್ತು ಜಾಗಕ್ಕೆ ಪರಿಹಾರದ ಲೆಕ್ಕವಿತ್ತು. ಮೂವತ್ತು ವರ್ಷ ಕಟ್ಟಿಕೊಂಡ ಗಿರಾಕಿಗಳ ಲೆಕ್ಕ ಯಾವ ಕಾಗದದಲ್ಲೂ ಇರಲಿಲ್ಲ. ಅಂಗಡಿಯನ್ನು ನುಂಗಿದ ಅದೇ ನೀರಿನ ಮೇಲೆ ಬೋಟುಗಳು ಬಂದವು. ಬಾವಿಯ ಇಂಜಿನ್ನಿನಲ್ಲಿ ಕಲಿತದ್ದನ್ನು ಅವರು ಬೋಟಿನಲ್ಲಿ ಮತ್ತೆ ಹೊಸದಾಗಿ ಕಲಿತರು.

ಅಣೆಕಟ್ಟಿನ ಎತ್ತರ ನಮ್ಮ ಮಕ್ಕಳ ಪಠ್ಯದಲ್ಲಿದೆ. ಪುಲಿಕೇಶಿಯ ಹಡಗುಗಳೂ ಇವೆ. ಈ ಕೈಗಳ ವಿದ್ಯೆ ಎಲ್ಲಿಯೂ ಬರೆದಿಲ್ಲ. ಸೇತುವೆಗಳಾದಂತೆ ಬೋಟುಗಳೂ ಕಡಿಮೆಯಾಗುತ್ತವೆ. ಐಹೊಳೆಯ ಶಾಸನ ಬಿಟ್ಟ ಹೆಸರುಗಳನ್ನು ನಾವಿನ್ನು ತರಲಾರೆವು. ಕೊನೆಯ ಪಕ್ಷ ಇವರ ಹೆಸರನ್ನಾದರೂ ಬರೆಯೋಣವೆಂದು, "ಚಾಚಾ, ನಿಮ್ಮ ಪೂರ್ತಿ ಹೆಸರು ಹೇಳ್ರಿ" ಎಂದೆವು. ಅವರು ಕೈಯ ಗ್ರೀಸನ್ನು ಚಿಂದಿಗೆ ಒರೆಸುತ್ತ, "ಹೆಸರು ಯಾಕ್ರಿ, ಕೆಲಸ ಬರೀರಿ. ಯಾರಿಗಾದ್ರೂ ಉಪಯೋಗ ಆಗ್ತೈತಿ" ಎಂದರು. ಬರೆದಿದ್ದೇವೆ.